ಎಷ್ಟು ಕೊಡ್ತದೆ?

ಪೆಟ್ರೋಲು ಹಾಕುವ ಹುಡುಗ ಕೇಳುತ್ತಾನೆ.
ಮೀನುಪೇಟೆಯಲ್ಲಿ ಶೆವಂತಿ ತಾಂಡೇಲ
ಬಂಗಡೆಯ ರೆಕ್ಕೆ ಕತ್ತರಿಸುತ್ತಲೇ ಕೇಳುತ್ತಾಳೆ:
ಗಾಡಿ ಕಿತ್ಲೆ ದಿತಾ ಗೋ?

ಒಂಬತ್ತು, ಎನ್ನುತ್ತೇನೆ ಹುಡುಗನಿಗೆ.
ವಾಮನಣ್ಣನಿಗೆ ಹನ್ನೊಂದು.
ಆಫೀಸಿನ ಹಳೆಯ ಮ್ಯಾನೇಜರು ಎದುರಾದರೆ ಹದಿನಾಲ್ಕು.
ಸುಳ್ಳಿಗೂ ಒಂದು ಸರಾಸರಿ ಇರುತ್ತದಲ್ಲ.

ನಿಜ ಇರುವುದು ನೀಲಿ ರಟ್ಟಿನ ವಹಿಯಲ್ಲಿ.
ಮೂವತ್ತೆರಡು ವರ್ಷ ಪರರ ಪಾಲಿಸಿ ಬರೆದ ಕೈ,
ಕಂತು, ಗಡುವು, ಗಡುವು ಮೀರಿದ ದಂಡ,
ಈಗ ಬರೆಯುತ್ತದೆ:
ಕ್ಲಚ್ ಕೇಬಲ್, ಬೆಳಗಾವಿ ಗುಜರಿ, ಆರುನೂರು.
ಅದನ್ನು ಬಸ್ಸಿನಲ್ಲಿ ತಂದ ಕಂಡಕ್ಟರನಿಗೆ, ನಲವತ್ತು.

ಎರಡೇ ಸೀಟು. ಮೇಲೆ ಮಾಡಿಲ್ಲ. ಬಣ್ಣ, ಒಂದು ಕಾಲಕ್ಕೆ ಕೆಂಪು.
ಮಾರಿದವರು ವಾಸ್ಕೋದ ಹಲ್ಲಿನ ಡಾಕ್ಟರು;
ನೋವಾಗುವುದಿಲ್ಲ ಎನ್ನುವುದೇ ಅವರ ಕಸುಬು.
ನನಗೆ ಮಾತ್ರ ಮೊದಲೇ ಹೇಳಿಬಿಟ್ಟರು:
ಕೊಳ್ಳುವುದು ಸಸಾರ ಬಾಯಿ, ಸಾಕುವುದು ಬೇರೆ.

ಬಾಡಿ ಫೈಬರು. ಗ್ಯಾರೇಜಿನವರು ಮುಟ್ಟುವುದಿಲ್ಲ.
ಬೈತಖೋಲದಲ್ಲಿ ದೋಣಿಗೆ ತೇಪೆ ಹಾಕುವ ಇನಾಸ
ಬಾಗಿಲಿನ ಬಿರುಕಿಗೆ ಬೆರಳಿಟ್ಟು ನೋಡಿ,
ನೀರು ಒಳಗೆ ಬರಬಾರದು, ಅಷ್ಟೇ ತಾನೆ? ಎಂದ.
ರಾಳ, ಗಾಜಿನ ನಾರು, ಎರಡು ದಿನದ ಬಿಸಿಲು.
ಅಂದಿನಿಂದ ಬಲಬಾಗಿಲಿಗೆ ಒಂದು ಹಸಿರು ಪಟ್ಟೆ,
ಯಾವುದೋ ಟ್ರಾಲರು ಬಳಿದು ಮಿಕ್ಕ ಬಣ್ಣ.
ವಹಿಯಲ್ಲಿ: ಪುಕ್ಕಟೆ.

ಮಳೆಗಾಲ ಪೂರ್ತಿ ತಾಡಪತ್ರಿಯ ಕೆಳಗೆ.
ಆಗ ಅದು ಕೊಡುವುದೂ ಇಲ್ಲ, ಕುಡಿಯುವುದೂ ಇಲ್ಲ.
ವಿಮೆಯ ಕಂತು ನಡೆಯುತ್ತಲೇ ಇರುತ್ತದೆ,
ಚಾಸಿಯ ಅಡಿಗೆ ಉಪ್ಪೂ
ರಜೆ ಹಾಕದೆ.

ಊರವರೆಲ್ಲ ಹೋಗುತ್ತಾರೆಂದು ನಾನೂ ಹೋದೆ ಪೋಳೆಗೆ,
ಗಡಿ ದಾಟಿದರೆ ಲೀಟರಿಗೆ ಏಳು ರೂಪಾಯಿ ಅಗ್ಗ.
ಮೂವತ್ತು ಲೀಟರಿಗೆ ಉಳಿದದ್ದು ಇನ್ನೂರ ಹತ್ತು.
ಹೋಗಿಬರಲು ಸುಟ್ಟದ್ದು ಮುನ್ನೂರ ಎಪ್ಪತ್ತು.
ನಷ್ಟ ನೂರ ಅರವತ್ತು, ಎಂದು ಬರೆದು
ಪೆನ್ನಿನ ತುದಿ ಕಚ್ಚಿ ಕೂತೆ.
ಕಾಳಿ ಸೇತುವೆಯ ಮೇಲೆ, ಎಡಕ್ಕೆ ಇಡೀ ಸಮುದ್ರ,
ಟಾಪ್ ಗೇರಿಗೆ ಬಿದ್ದ ಗಾಡಿಯ ದನಿ ಸಣ್ಣಗಾದಾಗ
ನಾನು ಕೂಗಿದ್ದೆ. ಏನು ಕೂಗಿದೆನೋ,
ಪಕ್ಕದ ಸೀಟಿನಲ್ಲಿ ಕೇಳಲು ಯಾರೂ ಇರಲಿಲ್ಲ.
ತಲೆಗೆ ಕಟ್ಟಿದ ಹತ್ತಿಯ ವಸ್ತ್ರ ಬಿಚ್ಚಿ ಹೊಳೆಗೆ ಹಾರಿತ್ತು.
ಅದಕ್ಕೆ ಎಂಬತ್ತು.
ತಿದ್ದಿದೆ: ನಷ್ಟ ಇನ್ನೂರ ನಲವತ್ತು.

ಮೊನ್ನೆ ನಸುಕಿನಲ್ಲಿ ಬಂದರದ ಗೇಟಿನ ಹತ್ತಿರ
ಟೆಂಪೋ ತಪ್ಪಿ ನಿಂತಿದ್ದಳು ಶೆವಂತಿ.
ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು,
ಮಹಾರಾಣಿಯ ಹಾಗೆ ಅಲ್ಲ, ಬಸ್ಸಿನಲ್ಲಿ ಕೂತ ಹಾಗೆಯೇ,
ಮುಂದಿನದನ್ನೇ ನೋಡುತ್ತ.
ಪೇಟೆಯಲ್ಲಿಳಿದು, ಬೇಡವೆಂದರೂ ಕೇಳದೆ,
ಎಣಿಸಿ ಸೀಟಿನ ಮೇಲೆ ಇಟ್ಟಳು.
ಎಂಟು ದಿನ ಹೋಗಲಿಲ್ಲ ವಾಸನೆ.
ವಹಿಯ ಬಲಬದಿ, ಇದುವರೆಗೆ ಖಾಲಿಯಿದ್ದ ಜಮಾ ಅಂಕಣದಲ್ಲಿ
ದಿನಾಂಕ ಹಾಕಿ ಬರೆದೆ:
ಬಂಗಡೆ, ಹನ್ನೆರಡು.

ಇವತ್ತು ಮತ್ತೆ ಕೇಳಿದ ಹುಡುಗ.
ಹನ್ನೆರಡು, ಎಂದೆ.
ಅವನು ಪೈಪು ಎತ್ತಿಕೊಂಡು,
ಝೀರೋ ನೋಡ್ಕೊಳ್ಳಿ ಮೇಡಂ, ಎಂದ.