ಯಾರೂ ಹೊಲಿಸದ ಖಣ

ಮಾನಮಿ ಸುಣ್ಣಕ್ಕಂತ ಮನಿ ಸಾಮಾನೆಲ್ಲ ಅಂಗಳಕ್ಕ ಬಂದಿತ್ತು.
ಕಪಾಟು ಬೆನ್ನು ತೋರಿಸಿಕೊಂಡು ನಾಚಿ ನಿಂತಿತ್ತು,
ಬೆನ್ನಿಗೆ ಜೇಡರ ಬಲಿ, ಯಾರದೋ ಲಗ್ನದ ಒಂದು ಅಕ್ಕಿಕಾಳು.
ಕಿವಿ ಹೋದ ಬೋಗೋಣಿ, ಬಾಯಿ ಸೀಳಿದ ಭರಣಿ,
ನಾಳೆ ರಿಪೇರಿ ಮಾಡತೇನಿ ಅಂತ ಇವರು
ಹದಿನಾರು ವರ್ಷದಿಂದ ಹೇಳೋ ರೇಡಿಯೋ.
ಒಳಗ ಇದ್ದಾಗ ಸಿರಿವಂತಿಕಿ ಅನಿಸಿದ್ದು
ಗುಳೇದಗುಡ್ಡದ ಬಿಸಿಲಿಗೆ ಬಂದ ಕೂಡಲೇ
ಸಂತ್ಯಾಗ ಮಾರದ ಉಳಿದ ಮಾಲಿನಂಗ ಕಂಡಿತು.

ಅಣ್ಣನ ಮಗಳು ಪಲ್ಲವಿ ಬಾದಾಮಿಯಿಂದ ಬಂದಿದ್ದಳು,
ದವಾಖಾನಿ ನರ್ಸು, ಶಿಸ್ತಿನ ಹುಡುಗಿ.
"ಅತ್ತಿ, ಮೂರು ಗುಂಪು ಮಾಡೂಣು:
ಇಡೂದು, ಕೊಡೂದು, ಒಗಿಯೂದು.
ವರ್ಷಾತು ಮುಟ್ಟಿಲ್ಲಂದ್ರ ಅದು ನಿಂದಲ್ಲ."
"ಹಂಗಾದ್ರ ನಿಮ್ಮ ಮಾಮಾನ್ನ ಯಾವ ಗುಂಪಿಗೆ ಹಾಕ್ಲಿ?" ಅಂದೆ.
ಹೊರಸಿನ ಮ್ಯಾಲೆ, ಪೇಪರಿನ ಹಿಂದ, ಒಂದು ಕೆಮ್ಮು.

ಆಮ್ಯಾಲೆ ತಗಡಿನ ಪೆಟಗಿ ತಗದ್ವಿ.
ಅರವತ್ತನಾಕು ಜಂಪರ್ ಪೀಸು!
ಕೆರೂರ ಮದುವಿದು, ಹುನಗುಂದದ ಕುಬಸದ್ದು,
ಯಾರೋ ಮನಿಶಾಂತಿಯೊಳಗ ತೆಂಗಿನಕಾಯಿ ಜೋಡಿ ಕೊಟ್ಟದ್ದು.
ಮಡಿಕಿ ಬಿಚ್ಚಿದ್ದು ಒಂದೂ ಇಲ್ಲ.
ಎಲ್ಲಾದಕ್ಕೂ ಮೂಲ್ಯಾಗ ಪೆನ್ನಿಲೆ ಗುರುತು ಹಾಕಿಟ್ಟೇನಿ,
ಕೊಟ್ಟಾಕಿಗೇ ತಿರುಗಿ ಕೊಟ್ಟು ಮರ್ಯಾದಿ ಹೋಗಬಾರದು ನೋಡ್ರಿ.
ಒಮ್ಮೆ ಹೋಗೇತಿ.
ಬೀಳಗಿ ಗುರುಸಿದ್ದವ್ವ ಈಗೂ ನಗತಾಳ.

ಎಲ್ಲಾದರ ಕೆಳಗ, ಡಾಂಬರಗುಳಿಗಿ ಹಾಳಿಗೆ ಅಂಟಿಕೊಂಡು,
ಒಂದು ಹಸರು ಖಣ, ಕೆಂಪು ದಡಿ.
ಮಿಲ್ಲಿಂದಲ್ಲ, ನಮ್ಮೂರ ಕುಣಿಮಗ್ಗದ್ದು,
ಬೆರಳಾಡಿಸಿದರ ನೆಯ್ದವನ ಕಾಲಿನ ತಾಳ ಹತ್ತತೈತಿ.
ಒಂದು ಮೂಲಿಗೆ ನೀಲಿ ದಾರದ ಗಂಟು.
ಇನ್ನೊಂದಕ್ಕ 'ಶಾಂ' ಅಂತ ಅಕ್ಷರ.
ಮೂರನೇದಕ್ಕ ಊದಿನಕಡ್ಡಿ ಮುಟ್ಟಿಸಿದ ತೂತು,
ಬರಿಯಾಕ ಬಾರದಾಕಿ ಯಾರೋ ಲೆಕ್ಕ ಇಟ್ಟಾಳ.
ನಾಕನೇ ಮೂಲ್ಯಾಗ ಹಸರು ಶಾಯಿ, ನನ್ನ ಕೈ:
'ಅ'.

ಅ ಅಂದ್ರ ಅಮೀನಗಡ ಇರಬಹುದು.
ಅವ್ವನೂ ಇರಬಹುದು.
ಯಾರಿಗೆ ಕೊಟ್ಟೆ, ಯಾರು ತಿರುಗಿ ತಂದರು, ತಿಳಿವಲ್ದು.
ನಾ ಈ ಓಣಿ ಬಿಟ್ಟು ಹೋಗಲಾರದ ವರ್ಷಗಳಾಗ
ಇದು ಎಷ್ಟು ಊರು ನೋಡಿ ಬಂತು,
ಎಷ್ಟು ಮಂದಿ ಉಡಿಯೊಳಗ ಕುಂತು ಎದ್ದು ಬಂತು,
ಒಬ್ಬರ ಮೈಯನೂ ಮುಟ್ಟಲಿಲ್ಲ.

"ಕೊಡೂದ್ರಾಗ ಹಾಕ್ಲೇನ?" ಅಂದಳು ಪಲ್ಲವಿ.
ಬಗಲಾಗ ಇಟಗೊಂಡು ರಾಜೇಸಾಬನ ಅಂಗಡಿಗೆ ನಡದೆ.

ಅವ ಟೇಪು ಹಿಡದು ನೋಡಿ ನಕ್ಕ.
"ಎಂಬತ್ತು ಸೆಂಟಿಮೀಟರರಿ ಅಕ್ಕಾರ.
ನಿಮಗ ಸಾಲೂದಿಲ್ಲ. ಯಾರಿಗೂ ಸಾಲೂದಿಲ್ಲ.
ಅದಕ್ಕ ಇವು ಊರೂರು ತಿರಗತಾವ."
ಇಷ್ಟು ವರ್ಷ ನಾನು ಇದನ್ನ
ಹೆಂಗಸರ ಪ್ರೀತಿ ಅಂತ ತಿಳಕೊಂಡಿದ್ದೆ.
ಪ್ರೀತಿನೂ ಇದ್ದೀತು, ಬಿಡ್ರಿ,
ಅಳತಿ ಒಂದೀಟು ಕಮ್ಮಿ ಬಿದ್ದ ಪ್ರೀತಿ.

"ತೋಳಿಗೆ ಬ್ಯಾರೆ ಹಚ್ಚು" ಅಂದೆ.
ಮರುದಿನ ಪೆಟಗಿಯಿಂದ ಒಂದು ರಾಣಿ ಬಣ್ಣದ್ದು ಒಯ್ದುಕೊಟ್ಟೆ,
ಕಣ್ಣಿಗೆ ಹೊಡಿಯೂವಂಥಾದ್ದು, ಯಾರು ಕೊಟ್ಟಿದ್ದರೋ ಪುಣ್ಯಾತ್ಮರು.
ಕತ್ತರಿ ಹಸರಿನೊಳಗ ಇಳಿಯೂವಾಗ ನನ್ನ ಹೊಟ್ಟಿ ಒಂಚೂರು ಹಿಂಡಿತು.
ಆಮ್ಯಾಲೆ ಏನಿಲ್ಲ. ಅರಿವಿ, ಅಷ್ಟ.

ದಸರಾದ ದಿನ ಉಟ್ಟು ಬನ್ನಿ ಹಂಚಾಕ ಹೊಂಟೆ.
ಇವರು ಪೇಪರು ಇಳಿಸಿ ನೋಡಿದರು.
"ತೋಳು ಯಾಕ ಬ್ಯಾರೆ?"
"ಅವು ನೆಂಟರ ಪೈಕಿ" ಅಂದೆ.

ಪಲ್ಲವಿ ಫೋನಿನ್ಯಾಗ ಕೇಳತಾಳ, ಎಷ್ಟು ಕಮ್ಮಿ ಆತು ಅತ್ತಿ?
ಎರಡು, ಅಂತೇನಿ. ಅರವತ್ತೆರಡು ಉಳದಾವ.
ರಾಜೇಸಾಬನ ಅಂಗಡಿ ಕಸದಾಗಿಂದ
ಬಗ್ಗಿ ಆರಿಸಿ ತಂದ ನಾಕು ಮೂಲಿಗಳ ಮಾತು
ಆಕಿಗೆ ಇನ್ನೂ ಹೇಳಿಲ್ಲ.