ಸೊಂಟದ ಅಳತೆ

ಕೌಲ್ ಬಜಾರಿನ ನನ್ನ ಅಂಗಡಿ ಎಷ್ಟು ಕಿರಿದು ಅಂದರೆ
ಇಬ್ಬರು ನಿಂತರೆ ಮಶೀನಿನ ಹುಡುಗ ಉಸಿರು ಬಿಗಿಹಿಡಿಯಬೇಕು.
ಅಲ್ಲಿಗೆ ಜಕರಯ್ಯ ಬಂದ, ಮಟಮಟ ಮಧ್ಯಾಹ್ನ,
ಕೋಟೆಗುಡ್ಡದ ಬಂಡೆ ತಾನು ಕುಡಿದ ಬಿಸಿಲನ್ನು
ಬಳ್ಳಾರಿಯ ಮೇಲೆ ಕಕ್ಕುವ ಹೊತ್ತಿಗೆ,
ಕಂಕುಳಲ್ಲಿ ಪೇಪರು ಸುತ್ತಿದ ಬಟ್ಟೆ.
ಮೊಮ್ಮಗಳ ಮದುವೆಯಂತೆ, ಚರ್ಚಿನಲ್ಲಿ.
"ಏ ದರ್ಜಿ, ನಿನ್ನ ಜೀನ್ಸ್ ಬ್ಯಾಡ. ಇಸ್ತ್ರಿ ಗೆರೆ ನಿಲ್ಲೋ ಪ್ಯಾಂಟು ಹೊಲಿ."

ಜಕರಯ್ಯ ಅಂದರೆ ಈಗಿನವರಿಗೆ ಗೊತ್ತಿಲ್ಲ.
ಕರೆಂಟು ಆಫೀಸಿನ ಲೈನ್‌ಮನ್ ಅಂದರೆ ಕೆಲವರಿಗೆ ನೆನಪಾದೀತು.
ಹದಿಮೂರು ವರ್ಷ, ಕಂಬದಿಂದ ಇಳಿದು, ಸಂಜೆ ಐದಕ್ಕೆ
ಕಂಟೋನ್ಮೆಂಟ್ ಮೈದಾನದಲ್ಲಿ ಗೋಲಿನ ಮುಂದೆ ನಿಂತವನು.
ಹುಲ್ಲಿಲ್ಲದ ನೆಲ; ಬಿದ್ದರೆ ತೊಡೆಯ ತೊಗಲು ಅಲ್ಲೇ ಉಳಿಯುತ್ತಿತ್ತು.
ಮೂಲೆಯಲ್ಲೊಂದು ಕಬ್ಬಿಣದ ರೋಲರ್, ದಂಡಿನ ಕಾಲದ್ದು,
ಮೈಮೇಲೆ ಉಬ್ಬಿದ ಅಕ್ಷರ: ಗ್ಲಾಸ್ಗೋ.
ಅದೊಂದು ಊರೆಂದು ನಮಗೇನು ಗೊತ್ತು,
ಎಮ್ಮೆಗೆ ಹೆಸರಿಟ್ಟ ಹಾಗೆ
ರೋಲರಿಗೆ ಯಾರೋ ಹೆಸರಿಟ್ಟಿದ್ದಾರೆ ಅಂದುಕೊಂಡಿದ್ದೆವು.
ಅದರ ಮೇಲೆ ಕೂತು ಬೂಟಿನ ದಾರ ಬಿಗಿಯುತ್ತಿದ್ದ,
ಎದುರು ತಂಡದ ಕಡೆ ಕಣ್ಣೆತ್ತದೆ.
ಬರಬರುತ್ತಾ ಅವನೇ ಗ್ಲಾಸ್ಗೋ ಆದ.
"ಮೊದಲು ಗ್ಲಾಸ್ಗೋ ದಾಟು, ಆಮ್ಯಾಗೆ ಗೋಲಿನ ಮಾತು."

ಗೋಲು ಹೊಡೆದವರ ಹೆಸರು ಕ್ಲಬ್ಬಿನ ನೋಟುಬುಕ್ಕಿನಲ್ಲಿವೆ.
ಆಗದೇ ಹೋದ ಗೋಲಿಗೆ ಯಾರು ಕಾಲಂ ಎಳೆಯುತ್ತಾರೆ?
ಗುಂತಕಲ್ಲಿನ ರೈಲ್ವೆಯವರು ಸೊನ್ನೆ ಹೊತ್ತುಕೊಂಡು
ರಾತ್ರಿ ಪ್ಯಾಸೆಂಜರಿಗೆ ಹತ್ತಿದ್ದು ಯಾವ ಪುಟದಲ್ಲಿದೆ?
ಪೇಪರಿನಲ್ಲಿ ಒಮ್ಮೆ ಮಾತ್ರ ಅವನ ಹೆಸರು ಬಂತು,
ಅವನ ಹಣೆಗೆ ತಾಗಿದ ಚೆಂಡು ತನ್ನದೇ ಬಲೆಗೆ ಬಿದ್ದ ದಿನ.
ರಾಹೇಲಮ್ಮನಿಗೆ ಓದು ಬರದು.
ಗಂಡನ ಹೆಸರಿದೆ ಅಂತ ಯಾರೋ ಹೇಳಿದ್ದಕ್ಕೆ
ಕತ್ತರಿಸಿ ಫ್ರೇಮು ಹಾಕಿಸಿದ್ದಳು.
ಅವನು ಬೇಡ ಅನ್ನಲಿಲ್ಲ.

ನಾನು ಎದುರು ತಂಡದ ಫಾರ್ವರ್ಡ್.
ಎಂಟು ವರ್ಷದಲ್ಲಿ ಒಮ್ಮೆ, ಒಂದೇ ಒಮ್ಮೆ, ಅವನನ್ನು ದಾಟಿದೆ.
ಎಂಬತ್ನಾಲ್ಕರ ಫೈನಲ್. ಅವನ ಎಡಗಡೆ
ಅಗುಳಿ ಮರೆತ ಬಾಗಿಲಿನಂತೆ ತೆರೆದುಕೊಂಡಿತು.
ಆ ಗೋಲನ್ನು ಹೆಣ್ಣು ನೋಡಲು ಹೋದ ಮನೆಯಲ್ಲಿ ಹೇಳಿದೆ,
ಅಳಿಯನಿಗೆ ಹೇಳಿದೆ,
ವಾಷಿಂಗ್ ಯೂನಿಟ್ಟಿನಿಂದ ನೀಲಿ ಕೈ ಹೊತ್ತು ಬರುವ ಹುಡುಗರಿಗೆ ಹೇಳಿದೆ.
ಆಮೇಲೆ ಅವನು ಮೈದಾನಕ್ಕೆ ಇಳಿಯಲೇ ಇಲ್ಲ,
ಅವನನ್ನು ಮನೆಗೆ ಕಳಿಸಿದ್ದು ನಾನೇ
ಅಂತಲೂ, ಕೆಲವು ಸಲ, ಹೇಳಿದ್ದುಂಟು.

ಟೇಪು ಹಿಡಿದು ಬಗ್ಗಿದೆ.
ಬಲಗಾಲು ನಲವತ್ತೊಂದು. ಎಡಗಾಲು ನಲವತ್ತೂ ಕಾಲು.
ಮತ್ತೊಮ್ಮೆ ಅಳೆದೆ.
ಮಂಡಿಯ ಒಳಮಗ್ಗುಲಲ್ಲಿ ನಿಂಬೆಕಾಯಿ ಗಾತ್ರದ ಎಲುಬು
ಇರಬಾರದ ಜಾಗದಲ್ಲಿತ್ತು.
"ಕಂಬದಿಂದ ಬಿದ್ದಿದ್ದಾ?"
"ಕಂಬದಿಂದ ಯಾಕೆ ಬೀಳ್ಲಿ? ಫೈನಲ್‌ನಾಗ. ಮೊದಲ್ನೇ ಹಾಫು."

ಮೊದಲನೇ ಹಾಫು.
ನನ್ನ ಗೋಲು ಎರಡನೆಯದರಲ್ಲಿ.
ಮಶೀನು ನಿಲ್ಲಿಸು ಅಂದೆ ಹುಡುಗನಿಗೆ, ಯಾಕೋ.
"ಹೇಳಬೇಕಿತ್ತಲ್ಲಪಾ."
"ಯಾರಿಗೆ? ಹನ್ನೊಂದೇ ಮಂದಿ ಇದ್ವಿ. ಹೇಳಿದ್ರೆ ನೀನೇನು ಬಲಗಡೆಯಿಂದ ಬರ್ತಿದ್ಯಾ?"

ನೆಲದ ಮೇಲೆ ಚಾಕ್ ಹುಡುಕುತ್ತಾ ಸ್ವಲ್ಪ ಹೊತ್ತು ಕಳೆದೆ.
ಚಾಕ್ ಕೈಯಲ್ಲೇ ಇತ್ತು.
"ಎರಡೂ ಕಾಲು ಒಂದೇ ಅಳತಿ ಇಡು," ಅಂದ.
"ಎಡದ್ದು ನೆಲ ಒರೆಸ್ತದ."
"ಒರೆಸ್ಲಿ."

ಕತ್ತರಿ ಅವನ ಬೆನ್ನ ಹಿಂದಿನ ಮೊಳೆಗೆ ನೇತಾಡುತ್ತಿತ್ತು.
ಈ ಬದಿಯಿಂದ ಹೋಗಲು ನೋಡಿದೆ. ಅಲ್ಲಿ ಜಕರಯ್ಯ.
ಆ ಬದಿಯಿಂದ. ಅಲ್ಲೂ ಜಕರಯ್ಯ.
ತಾನು ಅಡ್ಡ ನಿಂತದ್ದು ಅವನಿಗೇ ತಿಳಿದಿರಲಿಲ್ಲ,
ಮಾತೆಲ್ಲ ಬೀಗರದ್ದು, ಬಿರಿಯಾನಿ ಹಂಡೆಯ ಬಾಡಿಗೆಯದ್ದು,
ಕಣ್ಣು ಮಾತ್ರ ನನ್ನ ಸೊಂಟದ ಮೇಲೆ.
ಚೆಂಡು ನೋಡಬ್ಯಾಡ್ರಿ, ಮುಖ ನೋಡಬ್ಯಾಡ್ರಿ,
ಸೊಂಟಕ್ಕೆ ಸುಳ್ಳು ಬರಲ್ಲ,
ಅಂತ ಚಿಕ್ಕವರಿಗೆ ಹೇಳಿಕೊಡುತ್ತಿದ್ದದ್ದು ಈ ಬಾಯಿಯೇ.
ನಲವತ್ತು ವರ್ಷ ಟೇಪು ಹಿಡಿದು ನಾನು ಕಲಿತದ್ದೂ ಅಷ್ಟೇ.

ನಿಂತಲ್ಲೇ ನಿಂತು ಕೈ ಚಾಚಿದೆ.
ಹುಡುಗ ಕತ್ತರಿಯನ್ನು ಅವನ ಪಕ್ಕೆಯ ಸಂದಿಯಿಂದ ದಾಟಿಸಿದ.
"ಶನಿವಾರಕ್ಕೆ ಕೊಡ್ತೀಯೋ ಇಲ್ಲೋ?"
ಕೊಡ್ತೀನಿ ಅಂದೆ.