ಸೆರ್ವಿತೂ ಮ್ಯಾಲಿನ ಗೆರಿ

ಧಾರವಾಡದ ಕೋರ್ಟಿನ ಎದುರಿಗೆ, ಝೆರಾಕ್ಸ್ ಅಂಗಡಿ ಬಾಜೂಕ
ಆರು ಫೂಟಿನ ಜಾಗಾ ನಂದು.
ಒಂದು ಕಂಪ್ಯೂಟರ್, ಎರಡು ಸ್ಟೂಲು,
ತಿಕೀಟು ಹಚ್ಚಾಕ ಬಟ್ಟಲದಾಗ ನೀರು.
ಇಪ್ಪತ್ತಾರು ವರ್ಷ ಟೈಪ್ ಮಾಡೀನಿ:
ವಾಟ್ನಿ, ಬಕ್ಷೀಸ್ ಪತ್ರ, ಸೋಡಚೀಟಿ.
ಮಂದಿ ಮನಿ ಒಡದದ್ದು, ಕೂಡಿದ್ದು
ನನ್ನ ಬಟ್ಟಿನ ತುದಿ ಹಾದು ಹೋಗ್ಯಾವ.

ಆವತ್ತು ಬಂದದ್ದು ಇಟಲಿ.

ಸಿಸ್ಟರ್ ಲುಕ್ರೇಸಿಯಾ, ಕೆಲಗೇರಿ ಕಡೆಯ ಕಾನ್ವೆಂಟಿನಾಕಿ,
ಮೂವತ್ತು ವರ್ಷದಾಗ ರೊಟ್ಟಿ ಬಡಿಯೋದೂ ಕಲ್ತಾಕಿ,
ರಾಜಿ ಪತ್ರ ಮುಂದಿಟ್ಟು ಅಂದಳು:
‘ಬೆರ್ಗಮೋದ ದೊಡ್ಡ ಮಠಕ್ಕ ನಕಲು ಹೋಗಬೇಕ್ರಿ, ನಮ್ಮ ಭಾಷಾದಾಗ.
ನಾ ಹೇಳ್ತೀನಿ, ನೀವು ಒತ್ರಿ.’

ಹಿಂದಿನ ಸ್ಟೂಲಿನ ಮ್ಯಾಲ ಎದುರು ಪಕ್ಷ:
ಕಲ್ಲವ್ವ ಮಡಿವಾಳರ,
ಗಂಟು ಹೊತ್ತು ಹೊತ್ತು ಕುತ್ತಿಗಿ ಒಂದು ಕಡೆ ವಾಲಿದಾಕಿ.
ಅವರತ್ತಿ ಕಾಲದಿಂದ ಕಾನ್ವೆಂಟಿನ ಹಿತ್ತಲ ಹಾದು
ಕೆರಿಗೆ ಇಳಿಯೋ ಹಾದಿ.
ಹೊಸಾ ಕಂಪೌಂಡ್ ಎದ್ದಿತು, ಹಾದಿ ಕಡೀತು,
ದಾವಾ ಬಿತ್ತು. ಹನ್ನೊಂದು ವರ್ಷ.
ಈಗ ರಾಜಿ: ಗ್ವಾಡಿಯೊಳಗ ಒಂದು ಸಣ್ಣ ಗೇಟು.

ಇಂಗ್ಲಿಷಿನ್ಯಾಗ ಅದಕ್ಕ ಈಸ್‌ಮೆಂಟ್ ಅಂತಾರ.
ಈಸ್ ಅಂದ್ರ ಹಗೂರ, ಆರಾಮ.
ಸಾವಿರ ಸಲ ಒತ್ತಿದ ಶಬ್ದ,
ಅದರೊಳಗ ಯಾರೋ ಕಾಲು ಚಾಚಿ ಕುಂತಂಗ ಕಂಡದ್ದು ಅವತ್ತ ಮೊದಲ.
ನಮ್ಮ ಹಳೇ ಕಾಗದದಾಗ ಅದು ಹಾದಿ ವಹಿವಾಟ:
ಹೋಗೋದು, ಬರೋದು, ಮತ್ತ ಹೋಗೋದು.
ಹುಲ್ಲು ಸತ್ತಲ್ಲೆ ಹಕ್ಕು ಹುಟ್ಟೋದು.
ಇಪ್ಪತ್ತು ವರ್ಷ, ಕದಿಯದ, ಕಾದಾಡದ,
ಯಾರ ಅಪ್ಪಣೀನೂ ಬೇಡದ
ಕಾಲು ಬರೆದ ದಸ್ತಾವೇಜು.

‘ನಿಮ್ಮಲ್ಲೆ ಏನಂತಾರ್ರಿ ಸಿಸ್ಟರ್?’
ಆಕಿ ತುಸು ತಡದಳು.
‘ಸೆರ್ವಿತೂ.’
‘ಹಂಗಂದ್ರ?’
‘ದಾಸ್ಯ. ಚಾಕರಿ. ತೊತ್ತಿನ ಬಾಳೇವು.’

ನನ್ನ ಬಟ್ಟು ಕೀಲಿಮಣಿ ಮ್ಯಾಲ ನಿಂತವು.
ಹಿಂದ ಕಲ್ಲವ್ವ ಕೇಳಿಸಿಕೊಂಡಿದ್ದಳು:
‘ಹನ್ನೊಂದು ವರ್ಷ ಕೋರ್ಟು ತಿರುಗಿಸಿ
ಈಗ ಅದನ್ನ ಬರಸಾಕ ಹತ್ತೀರೇನ?
ಅದು ನನಗ ಕಾಗದಿಲ್ಲದ ಇತ್ತಲ್ಲ.’

‘ನಿಮಗಲ್ಲ ಅವ್ವಾ, ಮಣ್ಣಿಗೆ.’
ಸಿಸ್ಟರಳ ಮಾರಿ ಕೆಂಪಾಗಿತ್ತು.
‘ಎರಡು ಜಮೀನಿನ ನಡುವಿನ ಮಾತಿದು.
ನಿಮ್ಮ ಎರಡು ಗುಂಟೆ ಒಡತಿ.
ನಮ್ಮ ಎರಡೆಕರೆ ಆಕಿಯ ಆಳು.
ನಮ್ಮ ಕಾಯ್ದೆದಾಗ ಹಂಗ ಬರೀತಾರ.’

ಕಲ್ಲವ್ವ ನಗಲಿಲ್ಲ.
ಅರಿವಿ ಲೆಕ್ಕ ಹಾಕೋವಾಗಿನ ಮಾರಿ ಮಾಡಿ
ಬಟ್ಟಿನ ಗೆಣ್ಣು ಎಣಿಸಿದಳು.
‘ಆಳು ಅಂದ ಮ್ಯಾಲ ಕೂಲಿ ಕೊಡಬೇಕಲ್ಲ.
ನನಗ ಯುಗಾದಿಗೊಂದು ಹಳೇ ಸೀರಿ ಕೊಡತಿದ್ರು,
ಸಂಜಿಗೆ ತಂಗಳ ರೊಟ್ಟಿ.
ಮಣ್ಣಿಗೆ ಏನ ಕೊಡಬೇಕ?’

ಅದಕ್ಕ ಯಾವ ಕಾಯ್ದೆದಾಗೂ ಕಲಮು ಇಲ್ಲ.
ಸಿಸ್ಟರ್ ಜಪಸರದ ಮಣಿ ಒಂದು ಸರಿಸಿದಳು.
ನಾ ಸುಮ್ಮನ ಪೇಜ್ ನಂಬರ್ ಸರಿ ಮಾಡಿದೆ.

ಆಮ್ಯಾಲ ತಿಳೀತು, ಆ ಶಬ್ದದ ಕಡೀ ಅಕ್ಷರದ ನೆತ್ತಿಗೆ
ಒಂದು ಓರಿ ಗೆರಿ ಬೇಕಂತ.
ನನ್ನ ಕೀಲಿಮಣಿಯೊಳಗ ಅದು ಎಲ್ಲೆ ಅಡಗ್ಯದೋ ಸಿಗಲಿಲ್ಲ.
ಪ್ರಿಂಟ್ ತಗದು ಬಾಲ್ ಪೆನ್ನಿನಿಂದ ಹಾಕಿದೆ,
ಎಡದಿಂದ ಬಲಕ್ಕ, ಇಳಿಜಾರು,
ಹಿತ್ತಲದಿಂದ ಕೆರಿಗೆ ಇಳದಂಗ.

ಕಲ್ಲವ್ವ ಸಹಿ ಮಾಡಿದಳು, ದಪ್ಪ ದಪ್ಪ ಅಕ್ಷರ,
ಲಕಾರದ ಒತ್ತು ಮರತು, ಮತ್ತ ಹಚ್ಚಿ.
ಐವತ್ತರ ನೋಟು ನನ್ನ ಕಡೆ ಸರಿಸಿ
‘ತಗೋರಿ, ನಿಮ್ಮ ಚಾಕರೀದು’ ಅಂದಳು.

ಮುಂದಿನ ಸೋಮವಾರ ಆ ಕಡೆ ಹೋಗಿದ್ದೆ.
ಗೇಟು ತೆರೆದಿತ್ತು, ಬಣ್ಣ ಇನ್ನೂ ಹಸೀ.
ಕೆರಿಯಿಂದ ಬರತಾ ಕಲ್ಲವ್ವ ಗಂಟು ಇಳಿಸಿ
ಒಂದು ದುಪ್ಪಟಿ ತಗದು
ಹಾದಿಯ ನಟ್ಟನಡುವ ಮತ್ತೊಮ್ಮೆ ಹಿಂಡಿದಳು.
ನೀರು ಮಣ್ಣಿನ್ಯಾಗ ಇಳೀತು.
ಕೂಲಿಯೋ, ಭಾರ ಕಡಿಮಿ ಮಾಡಿಕೊಂಡದ್ದೋ,
ನಾ ಕೇಳಲಿಲ್ಲ.

ರಾತ್ರಿ ಹಾಸಗಿಮ್ಯಾಲ ನೆನಪಾತು:
ಪ್ರತಿ ತಗದದ್ದು ಮೂರು,
ಗೆರಿ ಹಾಕಿದ್ದು ಎರಡಕ್ಕ.
ಬೆರ್ಗಮೋಕ್ಕ ಹೋದದ್ದು ಯಾವದೋ.